ಮಳೆಗಾಲಕ್ಕೆ ಮೊದಲು ಒಂದು ಆಂಟೆನಾ: ಹ್ಯಾಮ್ ರೇಡಿಯೊ ಹವ್ಯಾಸವನ್ನು ಆಪತ್ಕಾಲಕ್ಕೆ ಸಜ್ಜುಗೊಳಿಸುವ ಬಗೆ

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ರಸ್ತೆ ಮತ್ತು ವಿದ್ಯುತ್ತಿನ ಜೊತೆಗೆ ಹಲವು ಊರುಗಳ ಮೊಬೈಲ್ ಸಂಪರ್ಕವೂ ಕಡಿದುಹೋಯಿತು. ಗೋಪುರದ ಬ್ಯಾಟರಿ ಕೆಲವು ಗಂಟೆ ಮಾತ್ರ ಬಾಳುತ್ತದೆ. ಅನಂತರ ಜನರೇಟರಿಗೆ ಬೇಕಾದ ಡೀಸೆಲ್ ರಸ್ತೆಯಿಲ್ಲದೆ ಅಲ್ಲಿಗೆ ತಲುಪುವುದಿಲ್ಲ. 2001ರ ಭುಜ್ ಭೂಕಂಪ, 2004ರ ಸುನಾಮಿಗೆ ಸಿಕ್ಕ ಅಂಡಮಾನ್, 2024ರ ವಯನಾಡು ಭೂಕುಸಿತ, ಈ ಮೂರೂ ಸಂದರ್ಭಗಳಲ್ಲಿ ಸಂದೇಶ ಸಾಗಿಸಲು ನೆರವಾದವರಲ್ಲಿ ಹ್ಯಾಮ್ ರೇಡಿಯೊ ಹವ್ಯಾಸಿಗಳು, ಅಂದರೆ ಪರವಾನಗಿ ಪಡೆದು ಸ್ವಂತ ರೇಡಿಯೊದಲ್ಲಿ ಪರಸ್ಪರ ಮಾತನಾಡುವ ಹವ್ಯಾಸದವರು, ಇದ್ದರು. ಅಂಡಮಾನಿನಲ್ಲಂತೂ ಭಾರತಿ ಪ್ರಸಾದ್ ಅವರ ತಂಡ ದೂರದೇಶಗಳ ಹವ್ಯಾಸಿಗಳೊಡನೆ ಮಾತನಾಡುವ ಸಂತೋಷಕ್ಕೆಂದೇ ಪೋರ್ಟ್‌ಬ್ಲೇರ್‌ಗೆ ಹೋಗಿತ್ತು. ಡಿಸೆಂಬರ್ 26ರ ಬೆಳಿಗ್ಗೆಯಿಂದ ಅದೇ ಉಪಕರಣಗಳು ದ್ವೀಪದ ಸುದ್ದಿಯನ್ನು ಹೊರಗೆ ಮುಟ್ಟಿಸತೊಡಗಿದವು.

ಈ ಹವ್ಯಾಸಕ್ಕೆ ಹೊಸದಾಗಿ ಬರುವ ಅನೇಕರು ಕೈರೇಡಿಯೊ ಒಂದನ್ನು ಕೊಂಡು ಕಪಾಟಿನಲ್ಲಿಟ್ಟು, ತಾವು ಸಿದ್ಧರಾದೆವೆಂದು ತಿಳಿಯುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅವರ ಉಪಕರಣ ಕೈಕೊಡುವುದು ಹೆಚ್ಚಾಗಿ ಒಂದೇ ಜಾಗದಲ್ಲಿ, ಅಂದರೆ ಆಂಟೆನಾದ ತಂತಿ ಮತ್ತು ಅದರ ಬೆಸುಗೆಯಲ್ಲಿ. ಆದ್ದರಿಂದ ಉಳಿದ ಹಂತಗಳನ್ನು ಚುಟುಕಾಗಿ ಹೇಳಿ, ಆ ಜಾಗದಲ್ಲಿ ನಿಧಾನಿಸುತ್ತೇನೆ.

ಮೊದಲ ಹಂತ ಪರವಾನಗಿ. ದೂರಸಂಪರ್ಕ ಇಲಾಖೆಯ ಪರೀಕ್ಷೆಯಲ್ಲಿ ರೇಡಿಯೊ ತತ್ತ್ವ ಮತ್ತು ನಿಯಮಗಳೆಂಬ ಎರಡು ಭಾಗಗಳಿವೆ. 12 ವರ್ಷ ತುಂಬಿದವರು ಬರೆಯಬಹುದು. ಪರವಾನಗಿ ಇಲ್ಲದೆ ಪ್ರಸಾರದ ಗುಂಡಿಯನ್ನು ಒತ್ತುವುದು ಅಪರಾಧ. ಆಪತ್ತು ಬಂದಾಗ ನೋಡಿಕೊಂಡರಾಯಿತು ಎನ್ನುವವರಿಗೆ ಆಗ ಉತ್ತರಿಸಲು ಪರಿಚಯದ ಒಂದು ದನಿಯೂ ಇರುವುದಿಲ್ಲ.

ಎರಡನೆಯದು ಉಪಕರಣ. 144ರಿಂದ 146 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ 5 ವಾಟ್‌ನ ಕೈರೇಡಿಯೊ ಆರಂಭಕ್ಕೆ ಸಾಕು. ಹೆಸರೇ ಇಲ್ಲದ ಅತಿ ಅಗ್ಗದವನ್ನು ಕೊಳ್ಳಬೇಡಿ. ಅವುಗಳಲ್ಲಿ ಕೆಲವು ನಿಗದಿತ ತರಂಗದ ಜೊತೆಗೆ ಬೇಡದ ತರಂಗಗಳನ್ನೂ ಹೊರಸೂಸಿ ಇತರರ ಸಂಪರ್ಕವನ್ನು ಕೆಡಿಸುತ್ತವೆ.

ಮೂರನೆಯ ಹಂತವೇ ಆಂಟೆನಾ. ಕೈರೇಡಿಯೊದ ಜೊತೆ ಬರುವ ಗಿಡ್ಡ ರಬ್ಬರ್ ಕಡ್ಡಿಯನ್ನು ಹಿಡಿದು ಮಲೆನಾಡಿನ ಕಣಿವೆಯಲ್ಲಿ ನಿಂತರೆ ಎದುರಿನ ಗುಡ್ಡದ ಆಚೆಗೆ ಮಾತು ದಾಟುವುದು ಕಷ್ಟ. ಅದೇ 5 ವಾಟ್‌ಗೆ ಮನೆಯ ಮಾಡಿಗಿಂತ ಎತ್ತರದಲ್ಲಿ ಒಂದು ಕಾಲು-ತರಂಗದ ಆಂಟೆನಾ ಸಿಕ್ಕರೆ ವ್ಯತ್ಯಾಸ ಕಿವಿಗೇ ತಿಳಿಯುತ್ತದೆ. ಲೆಕ್ಕ ಸುಲಭವಾಗಿದೆ. 300ನ್ನು ನಮ್ಮ ಮೆಗಾಹರ್ಟ್ಸ್ ವ್ಯಾಪ್ತಿಯ ನಡುವಿನ 145ರಿಂದ ಭಾಗಿಸಿದರೆ ತರಂಗದ ಉದ್ದ ಸುಮಾರು 2.07 ಮೀಟರ್, ಅದರ ಕಾಲುಭಾಗದಲ್ಲಿ ಶೇ 5ರಷ್ಟು ಕಳೆದರೆ 49 ಸೆಂಟಿಮೀಟರ್. ನೆಟ್ಟಗೆ ನಿಲ್ಲುವ ಕಂಬಿಯ ಉದ್ದ ಇದು. ಕತ್ತರಿಸುವಾಗ 50 ಇಟ್ಟುಕೊಳ್ಳಿ, ಏಕೆಂದರೆ ಕಡಿದದ್ದನ್ನು ಮತ್ತೆ ಕೂಡಿಸಲಾಗದು. ಎಸ್‌ಒ-239 ಎಂಬ ಚಾಸಿ ಸಾಕೆಟ್ಟಿನ ನಡುವಿನ ಪಿನ್ನಿಗೆ ಈ ಕಂಬಿಯನ್ನು ಬೆಸೆದು, ಅದರ ನಾಲ್ಕು ಮೂಲೆಯ ತೂತುಗಳಿಗೆ ಸುಮಾರು 51 ಸೆಂಟಿಮೀಟರಿನ ನಾಲ್ಕು ಕಂಬಿಗಳನ್ನು ಬೋಲ್ಟು-ನಟ್ಟಿನಿಂದ ಬಿಗಿದು, ಅವನ್ನು 45 ಡಿಗ್ರಿ ಕೆಳಕ್ಕೆ ಬಾಗಿಸಬೇಕು. ಹಾಗೆ ಬಾಗಿಸುವುದು ಅಂದಕ್ಕಲ್ಲ. ಅಡ್ಡಡ್ಡ ಚಾಚಿದ್ದರೆ 36 ಓಮ್‌ನಷ್ಟೇ ಇರುವ ಆಂಟೆನಾದ ಪ್ರತಿರೋಧ ಬಾಗಿಸಿದಾಗ ಕೇಬಲ್ಲಿನ 50 ಓಮ್‌ಗೆ ಹತ್ತಿರವಾಗುತ್ತದೆ. ಮನೆಯಲ್ಲಿ ಉಳಿದ ಟಿವಿ ಕೇಬಲ್ 75 ಓಮ್‌ನದು, ಅದನ್ನು ಬಳಸುವ ಆಸೆ ಬೇಡ. ಆರ್‌ಜಿ-58 ಎಂಬ 50 ಓಮ್‌ನ ತೆಳು ಕೇಬಲ್ 10 ಮೀಟರ್ ಉದ್ದವಿದ್ದರೆ ಶಕ್ತಿಯ ಮೂರನೆಯ ಒಂದು ಭಾಗಕ್ಕೂ ಹೆಚ್ಚು ದಾರಿಯಲ್ಲೇ ಕರಗುತ್ತದೆ, ಹಾಗಾಗಿ ಉದ್ದವನ್ನು ಅಳೆದೇ ತನ್ನಿ.

ಇನ್ನು ಆ ಸಾಕೆಟ್ಟಿಗೆ ಹೊಂದುವ ಪಿಎಲ್-259 ಪ್ಲಗ್ಗನ್ನು ಕೇಬಲ್ಲಿಗೆ ಬೆಸೆಯುವುದು. ಮೊದಲು ಪ್ಲಗ್ಗಿನ ಹೊರಬಳೆ, ಅದರ ಹಿಂದೆಯೇ ರಿಡ್ಯೂಸರ್ ಎಂಬ ಸಣ್ಣ ಕೊಳವೆ, ಎರಡರೊಳಗೂ ಕೇಬಲ್ಲನ್ನು ತೂರಿಸಿ. ಬೆಸುಗೆಯೆಲ್ಲ ಮುಗಿದ ಮೇಲೆ ಮೇಜಿನ ಮೇಲೆ ಒಂಟಿಯಾಗಿ ಉಳಿದ ಬಳೆಯನ್ನು ಕಂಡು ಎಲ್ಲವನ್ನೂ ಕತ್ತರಿಸಿ ಮತ್ತೆ ಆರಂಭಿಸಿದವರು ಬಹಳ ಮಂದಿ. ಅನಂತರ ಕೇಬಲ್ಲಿನ ನಡುತಂತಿಯ ಸುತ್ತ ಇರುವ ಹೊರಜಾಲರಿಯನ್ನು ಬಿಡಿಸಿ ರಿಡ್ಯೂಸರ್‌ನ ಮೇಲೆ ಹಿಮ್ಮಡಿಚಿ, ಅದನ್ನು ಪ್ಲಗ್ಗಿನೊಳಕ್ಕೆ ತಿರುಗಿಸಿ ಬಿಗಿಯಿರಿ. ಪ್ಲಗ್ಗಿನ ಮೈಯಲ್ಲಿರುವ ನಾಲ್ಕು ತೂತುಗಳ ಸುತ್ತ ನಿಕಲ್ ಲೇಪವನ್ನು ಅರದಿಂದ ಉಜ್ಜಿ ಹಿತ್ತಾಳೆ ಕಾಣಿಸುವಂತೆ ಮಾಡಿ. ಆ ಹೊಳಪಿನ ಮೇಲೆ ಬೆಸುಗೆ ಹತ್ತುವುದಿಲ್ಲ. ಇಲ್ಲಿ 25 ವಾಟ್‌ನ ಸೋಲ್ಡರಿಂಗ್ ಐರನ್ ಉಪಯೋಗಕ್ಕೆ ಬಾರದು. ಅದರಿಂದ ಪ್ಲಗ್ಗು ಕಾಯುವಷ್ಟರಲ್ಲಿ ಒಳಗಿನ ಬಿಳಿಯ ಪಾಲಿಥೀನ್ ಮೆತ್ತಗಾಗಿ, ನಡುವಿನ ತಂತಿ ಸರಿದು ಜಾಲರಿಯನ್ನು ಮುಟ್ಟುತ್ತದೆ. 60 ವಾಟ್ ಅಥವಾ ಅದಕ್ಕೂ ಹೆಚ್ಚಿನದನ್ನು, ಅಗಲ ತುದಿಯದ್ದನ್ನು ಹಿಡಿದು, ಬೇಗ ಕಾಯಿಸಿ ಬೇಗ ಕೈ ತೆಗೆಯಿರಿ. ಸೀಸವನ್ನು ಐರನ್ನಿಗೆ ತಾಗಿಸದೆ ಕಾದ ಲೋಹಕ್ಕೆ ತಾಗಿಸಿ. ಅದು ನೀರಿನಂತೆ ತೂತಿನೊಳಕ್ಕೆ ಹರಿದು ಹೊಳೆಯಬೇಕು. ಮಂಕಾಗಿ, ಸಾಸಿವೆಕಾಳಿನಂತೆ ಉಂಡೆಗಟ್ಟಿ ಕುಳಿತರೆ ಅದು ರಿಪೇರಿ ಅಂಗಡಿಯವರು ಹೇಳುವ ಡ್ರೈ ಸೋಲ್ಡರ್. ಈ ದಿನ ಕೆಲಸ ಮಾಡಿದರೂ ಗಾಳಿಗೆ ಕೇಬಲ್ ಅಲುಗಿದ ದಿನ ಬಿಟ್ಟುಹೋಗುತ್ತದೆ. ಆರಿದ ಮೇಲೆ ಮಲ್ಟಿಮೀಟರಿನಲ್ಲಿ ನೋಡಿ: ಎರಡು ತುದಿಗಳ ನಡುಪಿನ್ನುಗಳ ನಡುವೆ ಸಂಪರ್ಕವಿರಬೇಕು, ನಡುಪಿನ್ನಿಗೂ ಹೊರಮೈಗೂ ಇರಬಾರದು. ಬೆಸೆದು ಸಿದ್ಧವಾದ ಕೇಬಲ್ಲುಗಳು ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸಿಗುತ್ತವೆ, ಆದರೆ ಒಂದನ್ನಾದರೂ ನಿಮ್ಮ ಕೈಯಾರೆ ಮಾಡಲೇಬೇಕು; ಮುರಿದಾಗ ಕತ್ತಲಲ್ಲಿ ಸರಿಪಡಿಸಬೇಕಾದವರು ನೀವೇ.

ಬೆಸುಗೆಯಷ್ಟೇ ಮುಖ್ಯವಾದದ್ದು ನೀರಿನ ತಡೆ. ಸಕಲೇಶಪುರದ ಕಡೆಯ ತೋಟವೊಂದರಲ್ಲಿ ನಾನೇ ಕಟ್ಟಿದ ಆಂಟೆನಾ ಜುಲೈನಲ್ಲಿ ಮೌನವಾಯಿತು. ಇಳಿಸಿ ಪ್ಲಗ್ಗನ್ನು ಬಿಚ್ಚಿದರೆ ತಾಮ್ರದ ಜಾಲರಿ ಹಸಿರಾಗಿ ಪುಡಿಯಾಗುತ್ತಿತ್ತು. ಒಂದು ಅಡಿ ಕತ್ತರಿಸಿದರೂ ಒಳಗೆ ಅದೇ ಹಸಿರು. ನಾನು ಸಾಮಾನ್ಯ ಇನ್ಸುಲೇಶನ್ ಟೇಪನ್ನಷ್ಟೇ ಸುತ್ತಿದ್ದೆ, ಬೇಸಿಗೆಯ ಬಿಸಿಲಿಗೆ ಅದರ ಅಂಟು ಜಾರಿತ್ತು. ಆಮೇಲಿಂದ ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದೆಳೆದು ಕೆಳಗಿನಿಂದ ಮೇಲಕ್ಕೆ ಸುತ್ತಿ, ಅದರ ಮೇಲೆ ಇನ್ಸುಲೇಶನ್ ಟೇಪ್ ಹಾಕುತ್ತೇನೆ. ಕೇಬಲ್ ಗೋಡೆಯೊಳಕ್ಕೆ ಬರುವ ಮೊದಲು ಒಮ್ಮೆ ಕೆಳಗಿಳಿದು ಮೇಲೇರುವಂತೆ ಬಿಟ್ಟರೆ ನೀರು ಅಲ್ಲಿಯೇ ತೊಟ್ಟಿಕ್ಕುತ್ತದೆ.

ಕಂಬವನ್ನು ನಿಲ್ಲಿಸುವಾಗ, ಅದು ಎತ್ತ ಬಿದ್ದರೂ ವಿದ್ಯುತ್ ತಂತಿಗೆ ತಾಗದಷ್ಟು ದೂರವಿರಲಿ. ಗುಡುಗು ಕೇಳಿಸುವ ಮುನ್ನವೇ, ಮೋಡ ಕವಿದಾಗಲೇ ಕೇಬಲ್ಲನ್ನು ಉಪಕರಣದಿಂದ ಕಳಚಿ ಮನೆಯ ಹೊರಗಿಡಿ. ಆಂಟೆನಾಗೆ ಹೋದ ಶಕ್ತಿಯಲ್ಲಿ ಎಷ್ಟು ಹಿಂದಿರುಗುತ್ತದೆಂದು ತಿಳಿಸುವ ಎಸ್‌ಡಬ್ಲ್ಯೂಆರ್ ಮೀಟರಿನಲ್ಲಿ ಓದಿ ನೋಡಿದಾಗ 144ರಲ್ಲಿ ಕಡಿಮೆ, 146ರಲ್ಲಿ ಹೆಚ್ಚು ಬಂದರೆ ಕಂಬಿ ಉದ್ದವಿದೆ ಎಂದರ್ಥ; ಒಮ್ಮೆಗೆ 3 ಮಿಲಿಮೀಟರ್‌ಗಿಂತ ಹೆಚ್ಚು ಕತ್ತರಿಸದೆ 1.5ರ ಒಳಗೆ ತನ್ನಿ.

ನಾಲ್ಕನೆಯ ಹಂತ ವಿದ್ಯುತ್ತು. ಯುಪಿಎಸ್‌ನಲ್ಲಿ ಬಳಸುವ 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಅರ್ಧವನ್ನಷ್ಟೇ ಬಳಸಿದರೆ ಅದು ಬಾಳುತ್ತದೆ. ಕೈರೇಡಿಯೊವನ್ನು ಅದಕ್ಕೆ ನೇರವಾಗಿ ಜೋಡಿಸದೆ, ತಯಾರಕರು ಹೇಳಿದ ಚಾರ್ಜರಿನ ಮೂಲಕವೇ ಜೋಡಿಸಿ, ಪಾಸಿಟಿವ್ ತುದಿಯ ಬಳಿಯಲ್ಲೇ ಫ್ಯೂಸ್ ಹಾಕಿ.

ಐದನೆಯದು ಮಾತು. ಗುಂಡಿ ಒತ್ತಿ ಒಂದು ಕ್ಷಣ ತಡೆದು ಮಾತಾಡಿ, ಇಲ್ಲದಿದ್ದರೆ ಮೊದಲ ಅಕ್ಷರ ಕಡಿದುಹೋಗುತ್ತದೆ. ಸಂದೇಶವನ್ನು ಬರೆದುಕೊಂಡೇ ಓದಿ: ಸಮಯ, ಯಾರಿಂದ, ಯಾರಿಗೆ, ವಿಷಯ. “ಸೇತುವೆ ಕುಸಿದಿದೆ. ಶಾಲೆಯಲ್ಲಿ 70 ಜನ ಇದ್ದಾರೆ. ಒಬ್ಬರಿಗೆ ಇನ್ಸುಲಿನ್ ಬೇಕು.” ಗೊರಗೊರ ಸದ್ದಿನ ನಡುವೆ ಎಪ್ಪತ್ತು ಎಂದರೆ ಇಪ್ಪತ್ತು ಎಂದು ಕೇಳಿಸಿ ಐವತ್ತು ಜನರ ಊಟ ತಪ್ಪಬಹುದು, ಆದ್ದರಿಂದ “ಏಳು, ಸೊನ್ನೆ” ಎಂದು ಅಂಕಿಗಳನ್ನು ಬಿಡಿಸಿ ಹೇಳಿ. ಕೇಳಿದವರು ಇಡೀ ಸಂದೇಶವನ್ನು ತಿರುಗಿ ಓದಿ ಹೇಳುವವರೆಗೆ ಅದು ತಲುಪಿತೆಂದು ತಿಳಿಯಬೇಡಿ.

ಏಪ್ರಿಲ್‌ನ ಯಾವುದಾದರೂ ಭಾನುವಾರ ಮನೆಯ ಮೇನ್ ಸ್ವಿಚ್ ಆರಿಸಿ, ಮೊಬೈಲನ್ನು ಬದಿಗಿಟ್ಟು, ಬ್ಯಾಟರಿಯ ಬಲದಲ್ಲೇ ಪಕ್ಕದ ತಾಲ್ಲೂಕಿನ ಒಬ್ಬರಿಗೆ ಇಂಥ ಹತ್ತು ಸಂದೇಶಗಳನ್ನು ಕಳುಹಿಸಿ ನೋಡಿ. ಎಲ್ಲಿ ತಡವರಿಸಿದಿರಿ ಎಂಬುದನ್ನು ಪುಸ್ತಕದಲ್ಲಿ ಬರೆದಿಟ್ಟು, ಅದೇ ವಾರ ಸರಿಪಡಿಸಿ, ಮೇ ಮುಗಿಯುವುದರೊಳಗೆ ಇನ್ನೊಮ್ಮೆ ನಡೆಸಿ.