ಹೊಸ 4060 ಮಾರಿ ಹಳೇ 2080 ಟಿಐ ಹಾಕಿಕೊಂಡೆ: ನನ್ನ ಅನುಭವ

ಹನುಮಂತನಗರದ ನನ್ನ ಎಡಿಟಿಂಗ್ ರೂಮಿಗೆ ಆರ್‌ಟಿಎಕ್ಸ್ 2080 ಟಿಐ ಗ್ರಾಫಿಕ್ಸ್ ಕಾರ್ಡ್ ಬಂದು ಒಂದು ವರ್ಷದ ಮೇಲಾಯಿತು. ಹತ್ತಿರ ಹತ್ತಿರ ನಲವತ್ತು ಮದುವೆ ವಿಡಿಯೊ ಅದರಲ್ಲೇ ಮುಗಿಸಿದ್ದೇನೆ. ಒಂದು ಡೆಲಿವರಿಯೂ ತಡವಾಗಿಲ್ಲ. ತರುವಾಗ ಮಾತ್ರ ಎಲ್ಲರೂ ಬೇಡ ಅಂದವರೇ. ಎಸ್.ಪಿ. ರೋಡ್‌ನಲ್ಲಿ ನಾನು ಹತ್ತು ವರ್ಷದಿಂದ ಸಾಮಾನು ತರುವ ಅಂಗಡಿಯವರಂತೂ, "ಸಾರ್, ಅದು ಆನೆ ಸಾಕಿದ ಹಾಗೆ. ತರೋದು ಸುಲಭ, ಮೇವು ಹಾಕೋದು ಕಷ್ಟ" ಅಂದಿದ್ದರು. ಈಗ ಅವರೇ ಫೋನ್ ಮಾಡಿ "ಇನ್ನೊಂದು ಎಲ್ಲಾದ್ರೂ ಸಿಕ್ಕರೆ ಹೇಳಿ" ಅನ್ನುತ್ತಾರೆ.

ಮೊದಲು, ಅದಕ್ಕೂ ಹಿಂದೆ ಇದ್ದ 4060 ಕಾರ್ಡ್ ಕಥೆ. 2023ರ ಕೊನೆಯಲ್ಲಿ ಹೊಸದಾಗಿ ತಂದೆ. ಸುಮಾರು 29,500 ಕೊಟ್ಟ ನೆನಪು. ಮೂರು ವರ್ಷ ವಾರಂಟಿ, 115 ವ್ಯಾಟ್, ಫ್ಯಾನ್ ಸದ್ದೇ ಇಲ್ಲ. ಫುಲ್ ಎಚ್‌ಡಿ ಕೆಲಸಕ್ಕೆ ಒಂದು ಮಾತೂ ಆಡುವ ಹಾಗಿರಲಿಲ್ಲ. ತೊಂದರೆ ಶುರುವಾಗಿದ್ದು ಮಾಘದ ಮದುವೆಗಳಲ್ಲಿ. ಬೆಳಗಿನ ಜಾವದ ಮುಹೂರ್ತ, ಛತ್ರದಲ್ಲಿ ಮಂಕು ಹಳದಿ ದೀಪ, ಕ್ಯಾಮೆರಾದ ಐಎಸ್‌ಒ (ಬೆಳಕು ಹಿಡಿಯುವ ಶಕ್ತಿ) ಎಲ್ಲೋ ಮೇಲೆ ಕೂತಿರುತ್ತದೆ. ಧಾರೆ ಎರೆಯುವ ಶಾಟ್‌ನಲ್ಲಿ ಹುಡುಗಿಯ ಅಪ್ಪನ ಮುಖದ ಮೇಲೆ ಮರಳು ಚೆಲ್ಲಿದಂಥ ನಾಯ್ಸ್. ಅದನ್ನು ಹಾಗೇ ಕೊಡಲು ನನಗೆ ಮನಸ್ಸು ಬರುವುದಿಲ್ಲ. ಆ ಮನೆಯವರು ಅದನ್ನು ಮೂವತ್ತು ವರ್ಷ ನೋಡುತ್ತಾರೆ, ಅಲ್ವಾ?

ಡಾವಿಂಚಿ ರಿಸಾಲ್ವ್ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ 4ಕೆ ಟೈಮ್‌ಲೈನ್, ಅಕ್ಕಪಕ್ಕದ ಫ್ರೇಮ್ ಹೋಲಿಸಿ ನಾಯ್ಸ್ ತೆಗೆಯುವ ಐದು ಫ್ರೇಮ್ ಟೆಂಪೊರಲ್ ನಾಯ್ಸ್ ರಿಡಕ್ಷನ್, ಮೇಲೊಂದು ಮ್ಯಾಜಿಕ್ ಮಾಸ್ಕ್ (ಎಐಯಿಂದ ವ್ಯಕ್ತಿಯನ್ನು ಬೇರೆ ಮಾಡುವ ಸಾಧನ). ಅಷ್ಟಕ್ಕೇ ಜಿಪಿಯು ಮೆಮೊರಿ ತುಂಬಿದೆ ಅಂತ ಕೆಂಪು ಸಂದೇಶ. ಸಂದೇಶ ಬಾರದಿದ್ದರೆ ಇನ್ನೂ ಕೆಟ್ಟದ್ದು. ಕಾರ್ಡ್‌ನ 8 ಜಿಬಿ ತುಂಬಿದ ಕೂಡಲೇ ಡ್ರೈವರ್ ಸುಮ್ನೆ ಕಂಪ್ಯೂಟರ್‌ನ ರ‍್ಯಾಮ್ ಕಡೆಗೆ ಹೊರಳುತ್ತದೆ. ಆಗ ರೆಂಡರ್ ತೆವಳುತ್ತದೆ. ಇಪ್ಪತ್ತೈದು ನಿಮಿಷದ ಒಂದು ಫಿಲ್ಮ್‌ಗೆ ಎರಡು ಗಂಟೆ ಹತ್ತಿರ ಹಿಡಿಯಿತು. ತುಂಡು ತುಂಡು ಮಾಡಿ ರೆಂಡರ್ ಮಾಡಿದೆ, ಕ್ಯಾಶ್ (ಮೊದಲೇ ರೆಂಡರ್ ಮಾಡಿಟ್ಟ ಫೈಲ್) ಹಾಕಿದೆ, ಪ್ರಾಕ್ಸಿ (ವಿಡಿಯೊದ ಹಗುರ ನಕಲು) ಮಾಡಿದೆ. ಪ್ರಾಕ್ಸಿಯಿಂದ ಕಟ್ಟಿಂಗ್ ಹಗುರ ಆಯಿತೇ ಹೊರತು ಫೈನಲ್ ರೆಂಡರ್‌ಗೆ ಏನೂ ಪ್ರಯೋಜನ ಆಗಲಿಲ್ಲ.

ಆತುರದಲ್ಲಿ ಮಾರ್ಚ್‌ನಲ್ಲಿ ಒಂದು ತಪ್ಪು ಮಾಡಿದೆ. 11,500ಕ್ಕೆ ಜಿಟಿಎಕ್ಸ್ 1080 ಟಿಐ ತಂದೆ. ಒಂದು ಕಾಲದ ರಾಜ, 2017ರ ಕಾರ್ಡ್, 11 ಜಿಬಿ. ಮೆಮೊರಿ ಸಂದೇಶ ಮಾಯ! ಆದರೆ ಅದರಲ್ಲಿ ಎಐ ಕೆಲಸಕ್ಕೇ ಅಂತ ಇರುವ ಟೆನ್ಸರ್ ಕೋರ್ ಇಲ್ಲ. ಮ್ಯಾಜಿಕ್ ಮಾಸ್ಕ್ ಹಾಕಿದರೆ ಕಾಫಿ ಕುಡಿದು ಬಂದರೂ ಮುಗಿದಿರುತ್ತಿರಲಿಲ್ಲ. ಹತ್ತೊಂಬತ್ತನೇ ದಿನಕ್ಕೆ ಪರದೆ ಕಪ್ಪಾಯಿತು. ಮತ್ತೆ ಬರಲಿಲ್ಲ. ಬಿಚ್ಚಿ ನೋಡಿದರೆ ಚಿಪ್‌ನ ಬಿಸಿ ಸಾಗಿಸುವ ಪೇಸ್ಟ್ ಸುಣ್ಣದ ಪುಡಿಯಂತೆ ಉದುರಿತು. ಕಾಯಿನ್ ಮೈನಿಂಗ್‌ನಲ್ಲಿ ಹಗಲು ರಾತ್ರಿ ಓಡಿದ ಕಾರ್ಡ್ ಅಂತ ನನ್ನ ಅಂದಾಜು. ಮಾರಿದವನ ಫೋನ್ ಸ್ವಿಚ್ ಆಫ್. ನಾಲ್ಕು ರಾತ್ರಿ ವಿಜಯನಗರದ ಗೆಳೆಯನ ಮಷಿನ್‌ನಲ್ಲಿ ಕೂತು ಆ ಆರತಕ್ಷತೆ ಮುಗಿಸಿ ಕೊಟ್ಟೆ. ಮನೆಯಲ್ಲಿ ಅಣ್ಣ "ಹಳೇದು ಅಂದ್ರೆ ಇಷ್ಟೇ ಕಣೋ, ಇನ್ನಾದ್ರೂ ಬಿಡು" ಅಂದ. ನಾನು ಬಿಡಲಿಲ್ಲ. ಆ ಹತ್ತೊಂಬತ್ತು ದಿನದಲ್ಲಿ ನನ್ನ ಕೆಲಸಕ್ಕೆ 11 ಜಿಬಿ ಸಾಕು ಅನ್ನುವುದು ಕಣ್ಣಾರೆ ಕಂಡಿತ್ತು.

ಆ ವರ್ಷ ಗುರು, ಶುಕ್ರ ಮೌಢ್ಯ ಬಂದು ಮೇ, ಜೂನ್‌ನಲ್ಲಿ ಮುಹೂರ್ತವೇ ಇರಲಿಲ್ಲ. ಅದರ ಹಿಂದೆಯೇ ಆಷಾಢ. ಹಣ ಇರಲಿಲ್ಲ, ಸಮಯ ಮಾತ್ರ ಬೇಕಾದಷ್ಟಿತ್ತು.

12 ಜಿಬಿಯ 3060 ಯಾಕೆ ತರಲಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ಗೆಳೆಯನ ಹತ್ತಿರ ಇತ್ತು, ಎರಡು ದಿನ ತಂದು ನೋಡಿದೆ. ಮೆಮೊರಿ ಸಾಕು, ವೇಗ ಸಾಲದು. ನಾಯ್ಸ್ ರಿಡಕ್ಷನ್‌ಗೆ ಮೆಮೊರಿ ಎಷ್ಟಿದೆ ಅನ್ನುವುದರ ಜೊತೆಗೆ ಅದು ಎಷ್ಟು ಬೇಗ ಹರಿಯುತ್ತದೆ ಅನ್ನುವುದೂ ಮುಖ್ಯ. 4060ರಲ್ಲಿ ಸೆಕೆಂಡಿಗೆ 272 ಜಿಬಿ, 3060ರಲ್ಲಿ 360, 2080 ಟಿಐನಲ್ಲಿ 616. 2018ರ ಕಾರ್ಡ್ ಆದರೂ 352 ಬಿಟ್ ಬಸ್, ಅಂದರೆ ಮೆಮೊರಿಗೆ ಅಷ್ಟು ಅಗಲದ ದಾರಿ. 4060ರದ್ದು ಬರೀ 128. ಗೇಮ್ ಆಡುವವರಿಗೆ ಹೊಸ ಕಾರ್ಡ್‌ನ ದೊಡ್ಡ ಕ್ಯಾಶ್ ಮೆಮೊರಿ ಇದನ್ನು ಮುಚ್ಚಿಹಾಕುತ್ತದೆ. 4ಕೆ ಫ್ರೇಮ್‌ಗಳನ್ನು ಒಂದರ ಮೇಲೊಂದು ತೂಗಿ ನೋಡುವ ನನ್ನ ಕೆಲಸದಲ್ಲಿ ಮುಚ್ಚಲಿಲ್ಲ.

ಯಲಹಂಕದಲ್ಲಿ ಒಬ್ಬ ಹುಡುಗ ತನ್ನ 2080 ಟಿಐ ಮಾರುತ್ತಿದ್ದ. 22,000 ಹೇಳಿದ. ಈ ಸಲ ಮೂರು ಗಂಟೆ ಅವನ ಮನೆಯಲ್ಲೇ ಕೂತೆ. ಕಾರ್ಡ್‌ನ ವಿವರ ತೋರಿಸುವ ಜಿಪಿಯು-ಝಡ್‌ನಲ್ಲಿ ಮೊದಲು ನೋಡಿದ್ದು ಮೆಮೊರಿ ಯಾರದ್ದು ಅಂತ. ಈ ಮಾಡೆಲ್‌ನ ಮೊದಮೊದಲ ಬೋರ್ಡ್‌ಗಳಲ್ಲಿ ಪರದೆ ತುಂಬ ಚುಕ್ಕಿ ಬರುವ ದೂರು ಇತ್ತು, ಹಾಗಾಗಿ ನನಗೆ ಸ್ಯಾಮ್‌ಸಂಗ್ ಚಿಪ್ಪೇ ಬೇಕಿತ್ತು. ಇತ್ತು. ಆಮೇಲೆ ಡಿವೈಸ್ ಐಡಿ: 1ಇ07 ಇದ್ದರೆ ಆರಿಸಿದ ಚಿಪ್, ಪವರ್ ಲಿಮಿಟ್ ಏರಿಸಲು ಜಾಗ ಇರುತ್ತದೆ. 1ಇ04 ಸಾದಾ. ಇದು 07. ಒಂದು ಗಂಟೆ ಟೆಸ್ಟ್ ಓಡಿಸಿ, ಹಾಟ್‌ಸ್ಪಾಟ್ (ಚಿಪ್‌ನ ಅತಿ ಬಿಸಿ ಜಾಗ) ನೂರು ಡಿಗ್ರಿ ದಾಟಿದ್ದನ್ನು ತೋರಿಸಿ 19,000ಕ್ಕೆ ಇಳಿಸಿದೆ. ಚೌಕಾಸಿ ಮಾಡುವ ಮೊದಲು ಇನ್ನೊಂದು ಪರೀಕ್ಷೆಯನ್ನೂ ಮಾಡುತ್ತೇನೆ. ಅದು ನನ್ನ ಹತ್ತಿರವೇ ಇರಲಿ. 4060 ಹೋಗಿದ್ದು 23,000ಕ್ಕೆ.

ಮನೆಗೆ ತಂದ ಮೊದಲ ರಾತ್ರಿಯೇ ರೆಂಡರ್ ಮಧ್ಯೆ ಮಷಿನ್ ಪಟ್ಟನೆ ಆಫ್. ನನ್ನದು 550 ವ್ಯಾಟ್ ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಡಬ್ಬಿ). ಕಾರ್ಡ್‌ನ ಲೆಕ್ಕ 250 ವ್ಯಾಟ್ ಆದರೂ ಒಂದು ಕ್ಷಣಕ್ಕೆ ಅದಕ್ಕಿಂತ ಎಷ್ಟೋ ಜಾಸ್ತಿ ಎಳೆಯುತ್ತದೆ. 750 ವ್ಯಾಟ್‌ದಕ್ಕೆ 5,800 ಹೋಯಿತು. ಪೇಸ್ಟ್ ಬದಲಿಸುವಾಗ ಇನ್ನೊಂದು ಏಟು. ಕೆ.ಆರ್. ಮಾರ್ಕೆಟ್ ಮೆಟ್ರೋದಲ್ಲಿ ಇಳಿದು ಎಸ್.ಪಿ. ರೋಡ್‌ನಿಂದ ತಂದ ಥರ್ಮಲ್ ಪ್ಯಾಡ್ ದಪ್ಪ ಹೆಚ್ಚಾಗಿ, ಹೀಟ್‌ಸಿಂಕ್ ಚಿಪ್ ಮೇಲೆ ಸರಿಯಾಗಿ ಕೂರಲಿಲ್ಲ. ಬಿಚ್ಚುವ ಮೊದಲಿಗಿಂತ ಬಿಸಿ ಜಾಸ್ತಿ ಆಯಿತು! ಮೂರು ಸಲ ಬಿಚ್ಚಿದೆ, ಮೂರು ಸಲ ಕೂರಿಸಿದೆ. ಕೊನೆಗೆ ಪ್ಯಾಡ್ ಎಸೆದು ಥರ್ಮಲ್ ಪುಟ್ಟಿ ಹಚ್ಚಿದೆ. ದಪ್ಪದ ತಲೆನೋವೇ ಇಲ್ಲ, ಒತ್ತಿದಷ್ಟು ಹರಡುತ್ತದೆ. ಹಾಟ್‌ಸ್ಪಾಟ್ 85ರ ಆಸುಪಾಸಿಗೆ ಬಂತು. ಪೇಸ್ಟ್, ಪುಟ್ಟಿ, ಹಾಳಾದ ಪ್ಯಾಡ್ ಎಲ್ಲ ಸೇರಿ 1,600 ಇರಬಹುದು.

ಆಮೇಲೆ ಅಂಡರ್‌ವೋಲ್ಟ್, ಅಂದರೆ ಚಿಪ್‌ಗೆ ಕೊಡುವ ವೋಲ್ಟೇಜ್ ಇಳಿಸುವುದು. ಆಫ್ಟರ್‌ಬರ್ನರ್ ಸಾಫ್ಟ್‌ವೇರ್‌ನಲ್ಲಿ ಒಂದು ವಾರ ವೋಲ್ಟೇಜ್ ಕರ್ವ್ ಎಳೆದಾಡಿದೆ. ಗೇಮ್‌ನಲ್ಲಿ ಗಟ್ಟಿ ನಿಂತ ಪಾಯಿಂಟ್ ರಿಸಾಲ್ವ್‌ನಲ್ಲಿ ಬೀಳುತ್ತಿತ್ತು. ನಾಯ್ಸ್ ರಿಡಕ್ಷನ್ ರೆಂಡರನ್ನೇ ಟೆಸ್ಟ್ ಆಗಿ ಇಟ್ಟುಕೊಂಡ ಮೇಲೆ ಸರಿಹೋಯಿತು. ನನ್ನ ಪಾಯಿಂಟ್ ಯಾವುದು ಅಂತ ಹೇಳುವುದಿಲ್ಲ. ಒಂದು ವಾರದ ನಿದ್ದೆ ಅದರಲ್ಲಿದೆ. 250ರಿಂದ 190 ವ್ಯಾಟ್‌ಗೆ ಇಳಿದರೂ ರೆಂಡರ್ ಎರಡು ಮೂರು ನಿಮಿಷ ಮಾತ್ರ ಉದ್ದವಾಯಿತು ಅನ್ನುವುದಷ್ಟನ್ನು ಧೈರ್ಯವಾಗಿ ಹೇಳಬಲ್ಲೆ.

ಈ 60 ವ್ಯಾಟ್‌ಗೆ ಇಷ್ಟು ಒದ್ದಾಡಿದ್ದಕ್ಕೆ ಕಾರಣ ಗೃಹಜ್ಯೋತಿ. ನಮ್ಮ ಮನೆಯದ್ದು 180, 190 ಯೂನಿಟ್‌ನಲ್ಲಿ ಓಡಾಡುತ್ತದೆ. 200 ದಾಟಿತೋ, ಪೂರ್ತಿ ಬಿಲ್ ಕಟ್ಟಬೇಕು. ಕಾರ್ಡ್ ಬಂದ ಮೊದಲ ತಿಂಗಳು 206 ಬಂತು, ಸಾವಿರದ ಆರುನೂರು ಚಿಲ್ಲರೆ ಕಟ್ಟಿದೆ. ದಿನಕ್ಕೆ ಆರು ಗಂಟೆ ಅಂದರೆ 60 ವ್ಯಾಟ್‌ಗೆ ತಿಂಗಳಿಗೆ ಹತ್ತು, ಹನ್ನೊಂದು ಯೂನಿಟ್. ಅಷ್ಟೇ ಸಾಕಾಯಿತು. ಆಮೇಲೆ ಒಮ್ಮೆಯೂ ದಾಟಿಲ್ಲ.

ಈಗ ಅದೇ ಇಪ್ಪತ್ತೈದು ನಿಮಿಷದ ಫಿಲ್ಮ್, ಅದೇ ನಾಯ್ಸ್ ರಿಡಕ್ಷನ್, ಐವತ್ತು ನಿಮಿಷದಲ್ಲಿ ಮುಗಿಯುತ್ತದೆ. ಎಸ್‌ಎಂಪಿಎಸ್ ಸೇರಿಸಿದರೂ 26,500 ದಾಟಿಲ್ಲ.

ಒಂದು ವಿಷಯದಲ್ಲಿ ಮಾತ್ರ ಎರಡು ಕಾರ್ಡೂ ಸೋತವು. ನಮ್ಮ ಕ್ಯಾಮೆರಾದ 10 ಬಿಟ್ 4:2:2 ಎಚ್.265 (ಬಣ್ಣದ ವಿವರ ಹೆಚ್ಚಿರುವ, ಒತ್ತಿ ಚಿಕ್ಕದು ಮಾಡಿದ) ವಿಡಿಯೊ ಫೈಲ್ ಟೈಮ್‌ಲೈನ್‌ನಲ್ಲಿ ಎರಡರಲ್ಲೂ ತಡವರಿಸಿತು. ಎನ್‌ವಿಡಿಯಾದಲ್ಲಿ ಇಂಥ ಫೈಲ್ ಬಿಡಿಸಿ ಓದುವ ಡಿಕೋಡ್ ಬಂದಿದ್ದೇ 2025ರ 50 ಸರಣಿಯಿಂದ. ಇದಕ್ಕೇ ಅಂತ ಎಷ್ಟೋ ಜನ ಕಾರ್ಡ್ ಬದಲಿಸಿ ದುಡ್ಡು ಕಳೆದುಕೊಂಡಿದ್ದಾರೆ. ನನ್ನ ಐ5-12400 ಪ್ರೊಸೆಸರ್ ಒಳಗಿನ ಇಂಟೆಲ್ ಗ್ರಾಫಿಕ್ಸ್ ಇದನ್ನು ಸಲೀಸಾಗಿ ಮಾಡುತ್ತದೆ. ದೊಡ್ಡ ಕಾರ್ಡ್ ಹಾಕಿದಾಗ ಬಯಾಸ್‌ನಲ್ಲಿ ಅದು ಆಫ್ ಆಗಿತ್ತು. ಆನ್ ಮಾಡಿ, ರಿಸಾಲ್ವ್‌ನ ಡಿಕೋಡ್ ಆಯ್ಕೆಯಲ್ಲಿ ಇಂಟೆಲ್‌ಗೆ ಟಿಕ್ ಹಾಕಿದೆ. ಖರ್ಚು ಸೊನ್ನೆ. ಹೆಸರಿನ ಕೊನೆಯಲ್ಲಿ ಎಫ್ ಇರುವ, ಒಳಗೆ ಗ್ರಾಫಿಕ್ಸ್ ಇಲ್ಲದ ಪ್ರೊಸೆಸರ್ ತಂದವರಿಗೆ ಈ ದಾರಿ ಇಲ್ಲ.

11 ಜಿಬಿ ಇದೆಯಲ್ಲ ಅಂತ ಮಾತನ್ನು ಬರಹ ಮಾಡುವ ಎಐ ವಿಸ್ಪರ್‌ನ ದೊಡ್ಡ ಮಾಡೆಲ್ ಹಾಕಿ ಮದುವೆಯಲ್ಲಿ ಅಜ್ಜಿಯರ ಹಾರೈಕೆಗೆ ಸಬ್‌ಟೈಟಲ್ ಮಾಡಿಸಲೂ ನೋಡಿದೆ. ಮೆಮೊರಿಯಲ್ಲಿ ಕೂತಿತು, ಕನ್ನಡ ಕೂರಲಿಲ್ಲ. ಒಂದು ಸಾಲಿಗೆ ಎರಡು ತಪ್ಪು. ನಾದಸ್ವರ ಹಿಂದೆ ಇದ್ದರಂತೂ ಏನೇನೋ ಬರೆಯುತ್ತದೆ. ಮೊದಲು ಮಾತನ್ನು ವಾದ್ಯದಿಂದ ಬೇರೆ ಮಾಡಿ ಕೊಟ್ಟಾಗ ಸ್ವಲ್ಪ ಸುಧಾರಿಸಿತು. ಅದನ್ನು ಇನ್ನೂ ಬಿಟ್ಟಿಲ್ಲ.

ಎವಿ1 (ಹೊಸ ವಿಡಿಯೊ ಫಾರ್ಮ್ಯಾಟ್) ಎನ್‌ಕೋಡ್ ಬೇಕಾದವರಿಗೆ, ಗೇಮ್‌ನಲ್ಲಿ ಫ್ರೇಮ್ ಜನರೇಷನ್ (ಎಐಯಿಂದ ನಡುವಿನ ಫ್ರೇಮ್ ಹುಟ್ಟಿಸುವುದು) ಬೇಕಾದವರಿಗೆ 4060ಯೇ ಸರಿ. ನನ್ನ ಗಿರಾಕಿಗಳು ಕೇಳುವುದು ಪೆನ್‌ಡ್ರೈವ್‌ನಲ್ಲಿ ಎಂಪಿ4. ಹೊಸ 5060 ಕೂಡ 8 ಜಿಬಿಯಲ್ಲೇ ನಿಂತಿದೆ, ಹಾಗಾಗಿ ಅದರ ಕಡೆ ನೋಡಲಿಲ್ಲ. 16 ಜಿಬಿಯ 5060 ಟಿಐಗೆ ದುಡ್ಡಿದ್ದರೆ ಅದನ್ನೇ ತನ್ನಿ. 1080 ಟಿಐ ಕಡೆ ಮಾತ್ರ ಈಗ ಹೋಗಬೇಡಿ. ಆ ಪೀಳಿಗೆಗೆ ಹೊಸ ಗೇಮ್ ಡ್ರೈವರ್ ಬರುವುದು 2025ರಲ್ಲೇ ನಿಂತಿದೆ.

ನನ್ನದರ ಹಾಟ್‌ಸ್ಪಾಟ್ ಈಚೆಗೆ 88 ತೋರಿಸುತ್ತಿದೆ. ಪುಟ್ಟಿ ಡಬ್ಬಿಯಲ್ಲಿ ಇನ್ನೂ ಅರ್ಧ ಉಳಿದಿದೆ. ಬರುವ ಆಷಾಢಕ್ಕೆ ಮತ್ತೆ ಬಿಚ್ಚುತ್ತೇನೆ.