ಹರಳೆಣ್ಣೆಯಲ್ಲಿ ರವೆ ತೇಲಿಸಿ ವಿದ್ಯುತ್ ಕ್ಷೇತ್ರ ಕಲಿಸಿದ್ದು

ಸಕಲೇಶಪುರದಲ್ಲಿ ಭೌತಶಾಸ್ತ್ರ ಹೇಳಿಕೊಡುವವರಿಗೆ ಒಂದು ತೊಡಕಿದೆ. ದ್ವಿತೀಯ ಪಿಯುಸಿಯ ಮೊದಲ ಪಾಠವೇ ವಿದ್ಯುದಾವೇಶ ಮತ್ತು ಅದು ಸುತ್ತಲೂ ಬೀರುವ ಪ್ರಭಾವವಾದ ಕ್ಷೇತ್ರ. ಪಾಠ ಶುರುವಾಗುವುದು ಜೂನ್‌ನಲ್ಲಿ, ಮಳೆ ಹಿಡಿಯುವುದೂ ಆಗಲೇ. ಗಾಜು, ಪ್ಲಾಸ್ಟಿಕ್ಕಿನ ಮೇಲೆಲ್ಲ ತೇವದ ತೆಳು ಪೊರೆ ಕೂತು, ಉಜ್ಜಿ ಕೂಡಿಸಿದ ಆವೇಶ ಅದರ ಮೇಲೇ ಸೋರಿಹೋಗುತ್ತದೆ. ಹಾಗಾಗಿ ಮೊದಲ ವರ್ಷಗಳಲ್ಲಿ ಬೋರ್ಡಿನ ಮೇಲೆ ಬಾಣ ಬರೆದು ಪಾಠ ಮುಗಿಸುತ್ತಿದ್ದೆ. ಮಕ್ಕಳು ಬಾಣಗಳನ್ನು ಬಾಯಿಪಾಠ ಮಾಡುತ್ತಿದ್ದರು.

ಆಮೇಲೆ ಲ್ಯಾಬಿನ ಮೂಲೆಯಲ್ಲಿದ್ದ, ಹಿಡಿ ತಿರುಗಿಸಿ ಆವೇಶ ಹುಟ್ಟಿಸುವ ವಿಮ್ಸ್‌ಹರ್ಸ್ಟ್ ಯಂತ್ರವನ್ನು ಹೊರತೆಗೆದೆ. 100 ವ್ಯಾಟ್ ಬಲ್ಬಿನ ಕಾವಿಗೆ ಒಂದು ತಾಸು ಇಟ್ಟು ಒಣಗಿಸಿದೆ. ಕಿಡಿ ಜೋರಾಗದಂತೆ ಆವೇಶ ಕೂಡಿಡುವ ಅದರ ಲೇಡನ್ ಜಾಡಿಗಳನ್ನು ಕಳಚಿಟ್ಟೆ. ತರಗತಿ ತುಂಬ ಜನ ಉಸಿರಾಡಿದರೆ ಮತ್ತೆ ತೇವ, ಅದಕ್ಕೆ ಹತ್ತು ಹತ್ತು ಮಕ್ಕಳನ್ನೇ ಕರೆದೆ. ಗಾಜಿನ ತಟ್ಟೆಯಲ್ಲಿ ಮೊದಲು ಕಡಲೆಕಾಯಿ ಎಣ್ಣೆ ಹಾಕಿ ನೋಡಿದ್ದೆ. ಹಿಡಿ ತಿರುಗಿಸುವಷ್ಟರಲ್ಲಿ ರವೆ ತಳ ಸೇರುತ್ತಿತ್ತು. ಹರಳೆಣ್ಣೆ ಮಂದ, ಸಣ್ಣ ರವೆ ಅದರಲ್ಲಿ ಕೆಲವು ನಿಮಿಷ ನಿಲ್ಲುತ್ತದೆ.

ಯಂತ್ರಕ್ಕೆ ಸೇರಿಸಿದ ಎರಡು ತಂತಿಗಳನ್ನು ಎಣ್ಣೆಗೆ ಇಳಿಬಿಟ್ಟು ಯಂತ್ರ ತಿರುಗಿಸಿದರೆ ರವೆಯ ಕಾಳುಗಳು ಒಂದರ ಹಿಂದೊಂದು ಸಾಲುಗಟ್ಟಿ ಧನದಿಂದ ಋಣಕ್ಕೆ ಬಿಲ್ಲಿನಂತೆ ಬಾಗುತ್ತವೆ. ಪ್ರತಿ ಕಾಳಿನೊಳಗೂ ಧನ, ಋಣ ಆವೇಶಗಳು ತುಸು ಆಚೀಚೆ ಸರಿದು, ಕ್ಷೇತ್ರ ಅದನ್ನು ತನ್ನ ದಿಕ್ಕಿಗೆ ಹೊರಳಿಸುತ್ತದೆ. ಆ ಗೆರೆಗಳು ಮೂಡುವ ಕ್ಷಣ ಪ್ರತಿ ವರ್ಷವೂ ನನ್ನ ಮೈ ಜುಂ ಎನ್ನಿಸುತ್ತದೆ.

ಎರಡೂ ತಂತಿಗೆ ಒಂದೇ ಜಾತಿಯ ಆವೇಶ ಕೊಟ್ಟಾಗ ನಟ್ಟನಡುವೆ ಒಂದು ಚುಕ್ಕೆಯಷ್ಟು ಜಾಗದಲ್ಲಿ ಕಾಳುಗಳು ಅಡ್ಡಾದಿಡ್ಡಿ ಉಳಿದವು. ‘ಅಲ್ಲಿಗೆ ಕ್ಷೇತ್ರ ಮುಟ್ಟಲ್ಲ ಸರ್’ ಅಂದ ಒಬ್ಬ. ಇಲ್ಲೇ ಪಾಠದ ತಿರುಳಿದೆ ಅನ್ನಿಸಿ ಲೆಕ್ಕ ಹಾಕಿಸಿದೆ. ಒಂದು ಮೈಕ್ರೋಕೂಲಂಬ್ ಆವೇಶ 1 ಮೀಟರ್ ದೂರದಲ್ಲಿ ಕೂಲಂಬಿಗೆ 9,000 ನ್ಯೂಟನ್ ಕ್ಷೇತ್ರ ಕೊಟ್ಟರೆ, 30 ಸೆಂಟಿಮೀಟರಿನಲ್ಲಿ 1 ಲಕ್ಷ ಕೊಡುತ್ತದೆ. ಅಂಥ ಎರಡು ಆವೇಶ 60 ಸೆಂಟಿಮೀಟರ್ ಅಂತರದಲ್ಲಿದ್ದರೆ ನಟ್ಟನಡುವೆ ಒಂದೊಂದು ಲಕ್ಷದ ಎರಡು ಕ್ಷೇತ್ರಗಳು ಎದುರುಬದುರಾಗಿ ಸೊನ್ನೆಯಾಗುತ್ತವೆ. ಕ್ಷೇತ್ರ ಮುಟ್ಟದೆ ಇಲ್ಲ, ಎರಡೂ ಮುಟ್ಟಿವೆ. ಒಂದು ಬಿಂದುವಿನ ಕ್ಷೇತ್ರಕ್ಕೆ ಸುತ್ತಲಿನ ಎಲ್ಲ ಆವೇಶಗಳೂ ಪಾಲುದಾರರು.

ಹಾಗಾದರೆ ಸುತ್ತಲೂ ಮುಚ್ಚಿದ ಒಂದು ಮೇಲ್ಮೈಯಿಂದ ಒಟ್ಟು ಎಷ್ಟು ಕ್ಷೇತ್ರ ಹೊರಬರುತ್ತದೆ ಎಂದು ಹೇಳುವ ಗಾಸ್ ನಿಯಮ ಅದರ ಒಳಗಿನ ಆವೇಶವನ್ನಷ್ಟೇ ಏಕೆ ಕೇಳುತ್ತದೆ? ಇದಕ್ಕೆ ಗದ್ದೆಯೇ ಸರಿಯಾದ ಉತ್ತರ. ಹಳ್ಳದ ನೀರು ಒಂದು ಬದುವಿನಿಂದ ಬಂದು ಇನ್ನೊಂದರಿಂದ ಹೋಗುತ್ತದೆ. ಬಂದದ್ದಕ್ಕಿಂತ ಹೋದದ್ದು ಹೆಚ್ಚಾದರೆ ಗದ್ದೆಯೊಳಗೇ ಜಲ ಎದ್ದಿದೆ ಎಂದು ನಮ್ಮ ಮಕ್ಕಳಿಗೆ ಗೊತ್ತು. ಹೊರಗಿನ ಆವೇಶ ಹಳ್ಳದ ಹಾಗೆ: ಒಳಗಿನ ಕ್ಷೇತ್ರವನ್ನು ಎಲ್ಲೆಡೆ ಬದಲಿಸುತ್ತದೆ, ಒಳಬಂದು ಹೊರಹೋದ ಲೆಕ್ಕವನ್ನಲ್ಲ. ಆ ಲೆಕ್ಕ ಬದಲಾಗಲು ಆವೇಶ ಒಳಗೇ ಇರಬೇಕು. ಕ್ಷೇತ್ರದಲ್ಲಿ ನೀರಿನಂತೆ ಏನೂ ಹರಿಯುವುದಿಲ್ಲ ಎಂಬುದನ್ನೂ ಕೂಡಲೇ ಹೇಳಬೇಕು; ಹೇಳದೆ ಬಿಟ್ಟ ವರ್ಷ ಉತ್ತರಪತ್ರಿಕೆಗಳಲ್ಲಿ ಅದರ ಫಲ ಕಂಡೆ.

ಕೊನೆಗೆ ಒಬ್ಬ ಹುಡುಗಿಯ ಹಿತ್ತಾಳೆ ಬಳೆಯನ್ನು ಎರಡು ತಂತಿಗಳ ನಡುವೆ ಇಟ್ಟೆ. ಹೊರಗೆ ಗೆರೆಗಳು ಬಳೆಯ ಅಂಚಿಗೆ ಬಂದು ನಿಂತವು. ಒಳಗೆ ರವೆ ಚೆಲ್ಲಿದಂತೆಯೇ ಇತ್ತು. ಲೋಹದೊಳಗಿನ ಆವೇಶಗಳು ಸರಿದು ಕೂತು, ಹೊರಗಿನ ಕ್ಷೇತ್ರಕ್ಕೆ ಎದುರು ಕ್ಷೇತ್ರ ಕಟ್ಟಿದ್ದವು. ಪಕ್ಕದವಳು ತನ್ನ ಗಾಜಿನ ಬಳೆ ಬಿಚ್ಚಿ ಕೊಟ್ಟಳು. ಅದರೊಳಗೆ ಕಾಳುಗಳು ಸಾಲಾಗಿಯೇ ನಿಂತವು. ನಾನು ಬಾಯಿ ತೆರೆಯುವ ಮೊದಲೇ ಅವಳೇ ಹೇಳಿದಳು: ‘ಗಾಜಿನಲ್ಲಿ ಆವೇಶ ಓಡಾಡಲ್ಲವಲ್ಲ ಸರ್.’