ತಲೆಯ ಮೇಲೆ ರಾಗಿಗಂಟು: ಅರಮಂಡಿ ತಿದ್ದಿಕೊಳ್ಳುವ ಬಗೆ

ಭರತನಾಟ್ಯ ಕಲಿಯಲು ಸೇರಿದ ಮೊದಲ ಎರಡು ವರ್ಷ ಗುರುಗಳ ಬಾಯಿಂದ ಹೆಚ್ಚಾಗಿ ಕೇಳಿಬರುವ ಮಾತುಗಳು ಎರಡು: ‘ಇನ್ನೂ ಕೂತ್ಕೊ’ (ಮಂಡಿಗಳನ್ನು ಹೊರಕ್ಕೆ ತೆರೆದು ಅರ್ಧ ಕೂರುವ ಅರಮಂಡಿಗೆ ಇನ್ನೂ ಇಳಿ ಎಂದರ್ಥ) ಮತ್ತು ‘ನೆಲ ನೋಡಬೇಡ’. ಪಾಠದ ಹೊತ್ತಿನಲ್ಲಿ ಈ ಎರಡನ್ನೂ ಪಾಲಿಸುವ ಮಗು ಮನೆಯಲ್ಲಿ ಒಂಟಿಯಾಗಿ ಅಭ್ಯಾಸ ಮಾಡುವಾಗ ಮತ್ತೆ ಹಳೆಯ ಚಾಳಿಗೆ ಮರಳುತ್ತದೆ. ಕನ್ನಡಿಯ ಮುಂದೆ ನಿಲ್ಲಿಸಿದರೂ ಪೂರ್ತಿ ಪ್ರಯೋಜನವಿಲ್ಲ, ಏಕೆಂದರೆ ಪಾದವನ್ನು ಕನ್ನಡಿಯಲ್ಲಿ ನೋಡಲು ಹೋದ ಕ್ಷಣವೇ ಗಲ್ಲ ಇಳಿಯುತ್ತದೆ. ಕಣ್ಣಿನ ನೆರವಿಲ್ಲದೆ ತಪ್ಪನ್ನು ಆ ಗಳಿಗೆಯಲ್ಲೇ ತಿಳಿಸಬಲ್ಲ ಅಗ್ಗದ ಸಾಧನವೆಂದರೆ ತಲೆಯ ಮೇಲಿಟ್ಟ ಒಂದು ಸಣ್ಣ ಭಾರ.

ಇದು ಹೊಸ ವಿದ್ಯೆಯೇನಲ್ಲ. ಚೈತ್ರ ಪೌರ್ಣಮಿಯ ರಾತ್ರಿ ಬೆಂಗಳೂರಿನ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುವ ಹೂವಿನ ಕರಗವನ್ನು ಹೊತ್ತವರು ಅದನ್ನು ಕೈಯಿಂದ ಹಿಡಿಯದೆಯೇ ಸಾಗುತ್ತಾರೆ. ಕೂಚಿಪೂಡಿ ನೃತ್ಯದ ತರಂಗವೆಂಬ ಭಾಗದಲ್ಲಿ ನರ್ತಕಿಯು ಹಿತ್ತಾಳೆ ತಟ್ಟೆಯ ಅಂಚಿನ ಮೇಲೆ ಪಾದವೂರಿ ತಟ್ಟೆಯನ್ನೇ ತಾಳಕ್ಕೆ ಸರಿಯಾಗಿ ಜರುಗಿಸುತ್ತಾಳೆ, ಕೆಲವೊಮ್ಮೆ ತಲೆಯ ಮೇಲೆ ನೀರು ತುಂಬಿದ ಚೊಂಬೂ ಇರುತ್ತದೆ. ಅಲ್ಲಿ ಸಮತೋಲನವೇ ಕಲೆಯ ಅಥವಾ ಭಕ್ತಿಯ ಅಂಗ. ಇಲ್ಲಿ ಹೇಳಹೊರಟಿರುವ ಅಭ್ಯಾಸದಲ್ಲಿ ಭಾರಕ್ಕೆ ಅಂಥ ಮರ್ಯಾದೆಯಿಲ್ಲ. ಅದು ಕೇವಲ ಚಾಡಿ ಹೇಳುವ ಸಾಕ್ಷಿ. ಅದನ್ನು ಬೀಳದಂತೆ ಉಳಿಸಿಕೊಳ್ಳಲು ಕುತ್ತಿಗೆ ಬಿಗಿಹಿಡಿದು ಅಡವನ್ನು (ನೃತ್ಯದ ಮೂಲ ಹೆಜ್ಜೆಯನ್ನು) ಕುಗ್ಗಿಸುವುದಕ್ಕಿಂತ, ಅಡವನ್ನು ಸರಿಯಾಗಿ ಹಾಕಿ ಅದು ಬೀಳಲು ಬಿಡುವುದೇ ಮೇಲು.

ಸಿದ್ಧತೆ

ಒಂದು ಹತ್ತಿಬಟ್ಟೆಯ ಚೀಲಕ್ಕೆ ಅರ್ಧ ಕಿಲೋ ರಾಗಿ ತುಂಬಿ, ಕಾಳು ಒಳಗೆ ಸ್ವಲ್ಪ ಹೊರಳಾಡುವಷ್ಟು ಸಡಿಲವಾಗಿ ಬಾಯಿ ಹೊಲಿಯಿರಿ. ಹತ್ತು ವರ್ಷದೊಳಗಿನ ಮಕ್ಕಳಿಗೆ ಕಾಲು ಕಿಲೋ ಸಾಕು. ಅಕ್ಕಿಯೂ ಆಗುತ್ತದೆ, ಆದರೆ ರಾಗಿಯ ಕಾಳು ಸಣ್ಣದಾದ್ದರಿಂದ ನೆತ್ತಿಯ ಆಕಾರಕ್ಕೆ ಚೆನ್ನಾಗಿ ಕೂರುತ್ತದೆ, ಬೇಗ ಹುಳುವೂ ಬೀಳುವುದಿಲ್ಲ. ಗಂಟಿನ ಬದಲು ತಲೆಯ ಮೇಲೆ ಪುಸ್ತಕ ಇಡುವುದನ್ನು ನಾನು ಒಪ್ಪುವುದಿಲ್ಲ. ಎಣ್ಣೆ ಹಚ್ಚಿದ ಕೂದಲ ಮೇಲೆ ಅದು ಭಂಗಿಯ ತಪ್ಪಿಲ್ಲದೆಯೂ ಜಾರುತ್ತದೆ, ಮಗುವಿಗೆ ವೃಥಾ ಬೇಸರ. ಜಡೆಯನ್ನು ಕುತ್ತಿಗೆಯ ಬಳಿ ತಗ್ಗಿನಲ್ಲಿ ಕಟ್ಟಿ ನೆತ್ತಿಯನ್ನು ಚಪ್ಪಟೆಯಾಗಿರಿಸಬೇಕು. ನೆಲ ಒಣಗಿರಬೇಕು, ಕಾಲು ಬರಿಗಾಲಾಗಿರಬೇಕು.

ಕುತ್ತಿಗೆ ನೋವು, ತಲೆಸುತ್ತು ಇರುವವರು ವೈದ್ಯರನ್ನು ಕೇಳದೆ ಈ ಅಭ್ಯಾಸಕ್ಕೆ ಇಳಿಯಬಾರದು.

ಮೊದಲು ಕೋಲು, ಆಮೇಲೆ ಗಂಟು

ಭಾರವಿಡುವ ಮುನ್ನ ಬೆನ್ನು ಎಲ್ಲಿದೆಯೆಂದು ತಿಳಿಯಬೇಕು. ನೇರವಾದೊಂದು ಕೋಲನ್ನು ಮನೆಯವರೊಬ್ಬರು ಬೆನ್ನಿನುದ್ದಕ್ಕೂ ಹಿಡಿಯಲಿ. ಸಮಪಾದದಲ್ಲಿ (ಎರಡೂ ಪಾದ ಜೋಡಿಸಿ ನೇರವಾಗಿ) ನಿಂತಾಗ ಅದು ತಲೆಯ ಹಿಂಭಾಗ, ಹೆಗಲೆಲುಬುಗಳ ನಡುವೆ ಮತ್ತು ಬೆನ್ನಿನ ಬುಡ ಎಂಬ ಮೂರೂ ಕಡೆ ತಾಗಬೇಕು; ಸೊಂಟದ ಬಳಿ ಅಂಗೈ ತೂರುವಷ್ಟು ಜಾಗ ಇರುವುದು ಸಹಜ. ಈಗ ಕೋಲು ತೆಗೆಯದೆ, ಹಿಮ್ಮಡಿಗಳನ್ನು ಕೂಡಿಸಿ, ಮಂಡಿಗಳು ಕಾಲ್ಬೆರಳುಗಳ ದಿಕ್ಕಿಗೇ ತೆರೆಯುವಂತೆ ನಿಧಾನವಾಗಿ ಅರಮಂಡಿಗೆ ಇಳಿಯಿರಿ. ಹೆಚ್ಚಿನವರಲ್ಲಿ ಪೃಷ್ಠ ಹಿಂದಕ್ಕೆ ಸರಿದು, ಸೊಂಟದ ಬಳಿಯ ಸಂದಿಯಲ್ಲಿ ಮುಷ್ಟಿಯೇ ಹೋಗುವಷ್ಟಾಗುವುದು ಇಲ್ಲೇ. ಆ ಸಂದಿ ಹಿಗ್ಗದಂತೆ ಎಷ್ಟು ಇಳಿಯಲು ಸಾಧ್ಯವೋ ಅಷ್ಟೇ ಇಂದಿನ ನಿಮ್ಮ ಅರಮಂಡಿ. ತೊಡೆಯ ಬುಡದಿಂದ ತೆರೆಯದ ಕಾಲನ್ನು ಮಂಡಿಯಿಂದ ತಿರುಚಿ ಅಗಲಿಸಿದರೆ ನೋಟಕ್ಕೆ ಚೆನ್ನಾದೀತು, ಮಂಡಿಚಿಪ್ಪಿಗೆ ಅಲ್ಲ.

ಆ ಎತ್ತರದಲ್ಲಿ ಕೈಗಳನ್ನು ಸೊಂಟದ ಮೇಲಿಟ್ಟು, ಗಂಟನ್ನು ನೆತ್ತಿಯ ಮೇಲಿರಿಸಿಕೊಂಡು, ಎದುರು ಗೋಡೆಯಲ್ಲಿ ಕಣ್ಣಿನ ಮಟ್ಟದ ಒಂದು ಗುರುತನ್ನು ನೋಡುತ್ತಾ ಹದಿನಾರು ಎಣಿಕೆ ಕೂತಿರಿ. ನಂದಿಕೇಶ್ವರನ ಅಭಿನಯದರ್ಪಣವೆಂಬ ನಾಟ್ಯಗ್ರಂಥ ಹೇಳುವ ಒಂಬತ್ತು ಶಿರೋಭೇದಗಳಲ್ಲಿ (ತಲೆಯ ಭಂಗಿಗಳಲ್ಲಿ) ಮೊದಲನೆಯದಾದ ಸಮಶಿರವೆಂದರೆ ಬಾಗದ, ಏರದ, ಅಲುಗದ ತಲೆ. ಓದಲು ಸುಲಭವಾದ ಈ ಲಕ್ಷಣ ಎಷ್ಟು ಕಷ್ಟದ್ದೆಂದು ಹತ್ತನೆಯ ಎಣಿಕೆಯ ಹೊತ್ತಿಗೆ ತೊಡೆಗಳು ನಡುಗತೊಡಗಿದಾಗ ಗೊತ್ತಾಗುತ್ತದೆ.

ತಟ್ಟಡವು, ಮತ್ತು ಬಿದ್ದ ದಿಕ್ಕನ್ನು ಓದುವುದು

ಕೂರುವುದು ಸ್ಥಿರವಾದ ಮೇಲೆ ‘ತೈಯಾ ತೈ’ ಎಂದು ಮೊದಲ ಕಾಲದಲ್ಲಿ, ಅಂದರೆ ನಿಧಾನ ಗತಿಯಲ್ಲಿ, ಪಾದವನ್ನು ನೆಲಕ್ಕೆ ತಟ್ಟುವ ತಟ್ಟಡವಿನ ಮೊದಲ ಭೇದವನ್ನು ಆರಂಭಿಸಿ. ಗಂಟು ಬಿದ್ದರೆ ಕೂಡಲೇ ಎತ್ತಿಕೊಳ್ಳಬೇಡಿ; ಎಲ್ಲಿ ಬಿತ್ತು, ಎಷ್ಟನೆಯ ತಟ್ಟಿಗೆ ಬಿತ್ತು ಎಂಬುದನ್ನು ನೋಡಿ.

ಮುಂದಕ್ಕೆ ಬಿದ್ದರೆ ದೃಷ್ಟಿ ನೆಲಕ್ಕಿಳಿದಿದೆ. ಹಿಂದಕ್ಕೆ ಬಿದ್ದರೆ ಗಲ್ಲ ಏರಿದೆ, ಬಹುಮಟ್ಟಿಗೆ ಅದರೊಂದಿಗೆ ಸೊಂಟವೂ ಒಳಬಾಗಿದೆ. ಪಕ್ಕಕ್ಕೆ ಬಿದ್ದಾಗ ಮಾತ್ರ ಯೋಚಿಸಬೇಕು, ಏಕೆಂದರೆ ಅದಕ್ಕೆ ಎರಡು ಕಾರಣಗಳಿವೆ. ಬಲಗಾಲು ಎತ್ತುವಾಗ ದೇಹದ ಭಾರ ಎಡಗಾಲಿಗೆ ದಾಟಲೇಬೇಕು. ಮೈಯ ಮೇಲ್ಭಾಗ ನಿಧಾನವಾಗಿ ಎಡಕ್ಕೆ ವಾಲಿದರೆ ಗಂಟು ಎಡಕ್ಕೇ ಜಾರುತ್ತದೆ. ತಲೆಯು ತಟ್ಟನೆ ಎಡಕ್ಕೆ ಎಳೆದುಕೊಂಡರೆ ಗಂಟು ಬಲಕ್ಕೆ ಉಳಿದುಬಿಡುತ್ತದೆ, ಬಸ್ಸು ದಿಢೀರನೆ ಹೊರಟಾಗ ನಿಂತವರು ಹಿಂದಕ್ಕೆ ವಾಲುವ ಹಾಗೆ. ಮೊದಲನೆಯದು ವಾಲುವಿಕೆ, ಎರಡನೆಯದು ಅವಸರ. ಎರಡಕ್ಕೂ ಮದ್ದು ಬೇರೆ.

ನನ್ನಲ್ಲಿ ಕಲಿಯುವ ಹನ್ನೊಂದರ ಹುಡುಗಿಯೊಬ್ಬಳ ಗಂಟು ಸತತ ನಾಲ್ಕು ದಿನ ಎಡಗಡೆಗೇ, ಅದೂ ಬಲಗಾಲು ಎತ್ತಿದಾಗಲೇ ಬೀಳುತ್ತಿತ್ತು. ತಲೆ ವಾಲುತ್ತಿದೆಯೆಂದು ನಾನು ಕುತ್ತಿಗೆಯನ್ನೇ ತಿದ್ದುತ್ತಿದ್ದೆ. ಐದನೆಯ ದಿನ ಅವಳ ಹಿಂದೆ ಕುಳಿತು ನೋಡಿದಾಗ ಎಡ ಹಿಮ್ಮಡಿ ಬೆರಳಗಲದಷ್ಟು ನೆಲ ಬಿಟ್ಟೇಳುತ್ತಿರುವುದು ಕಾಣಿಸಿತು. ತಪ್ಪು ಕಾಲಡಿಯಲ್ಲಿತ್ತು, ತಲೆ ಅದನ್ನು ವರದಿ ಮಾಡುತ್ತಿತ್ತು ಅಷ್ಟೇ. ಹಿಮ್ಮಡಿಯನ್ನು ಊರಿಸಿದ ಮೇಲೆ ಎರಡೂ ಕಡೆಯ ತಟ್ಟು ಒಂದೇ ಸದ್ದು ಕೊಟ್ಟಿತು.

ಗಂಟು ಹೇಳದ ತಪ್ಪೂ ಒಂದಿದೆ. ಪ್ರತಿ ತಟ್ಟಿಗೂ ಅರಮಂಡಿಯಿಂದ ನೇರ ಮೇಲಕ್ಕೆದ್ದು ಮತ್ತೆ ಇಳಿದರೆ ಅದು ಬೀಳುವುದಿಲ್ಲ, ನಿಮ್ಮೊಂದಿಗೇ ಏರಿಳಿಯುತ್ತದೆ. ಇದನ್ನು ಹಿಡಿಯಲು ಕಿಟಕಿಯ ಸರಳಿನಿಂದ ಎದುರಿನ ಬಾಗಿಲಿನವರೆಗೆ ಒಂದು ದಾರವನ್ನು, ಕೂತಾಗಿನ ತಲೆಗಿಂತ ಎರಡು ಬೆರಳು ಮೇಲಿರುವಂತೆ ಕಟ್ಟಿ. ಈ ಹೊತ್ತಿಗೆ ಗಂಟು ಬೇಡ. ದಾರ ನೆತ್ತಿಗೆ ತಾಗಿದಾಗಲೆಲ್ಲ ಎದ್ದಿದ್ದೀರೆಂದು ಅರ್ಥ.

ಕೈಗಳು, ಮುಂದಿನ ಅಡವುಗಳು

ಕಾಲು ಹಿಡಿತಕ್ಕೆ ಬಂದ ಬಳಿಕ ನಾಟ್ಯಾರಂಭೆಯೆಂಬ ನಿಲುವಿನಲ್ಲಿ ಎರಡೂ ಕೈಗಳನ್ನು ಭುಜದ ಮಟ್ಟದಲ್ಲಿ ಪಕ್ಕಕ್ಕೆ ಚಾಚಿ, ಮೊಣಕೈಗಿಂತ ಸ್ವಲ್ಪ ಮೇಲೆ ತೋಳಿನ ಮೇಲೊಂದು ಬೆಂಕಿಪೊಟ್ಟಣ ಇಟ್ಟುಕೊಳ್ಳಿ. ಮೊಣಕೈ ಜೋತರೆ ಅದು ಉರುಳುತ್ತದೆ. ನಾಟಡವಿನಲ್ಲಿ, ‘ತೈಯುಂ ತತ್ ತತ್ ತೈಯುಂ ತಾ’ ಎಂದು ಕಾಲನ್ನು ಪಕ್ಕಕ್ಕೆ ಚಾಚುವಾಗ ಪೊಟ್ಟಣವನ್ನು ಬಿಟ್ಟು ಗಂಟನ್ನಷ್ಟೇ ಉಳಿಸಿಕೊಳ್ಳಿ. ಇಲ್ಲಿಂದ ಮುಂದೆ ಜಿಗಿತವಿರುವ, ಮೈ ಬಾಗುವ, ದೃಷ್ಟಿ ಕೈಯನ್ನು ಹಿಂಬಾಲಿಸುವ ಅಡವುಗಳಿಗೆ ತಲೆಯ ಮೇಲೆ ಏನನ್ನೂ ಇಡಕೂಡದು. ತಲೆ ಚಲಿಸಲೇಬೇಕಾದ ಕಡೆ ಅದನ್ನು ಕಟ್ಟಿಹಾಕಿದರೆ ಅಡವು ಮರದ ಬೊಂಬೆಯದಾಗುತ್ತದೆ.

ದಿನಕ್ಕೆ ಐದು ನಿಮಿಷ ಸಾಕು. ಆ ಕೂಡಲೇ ಗಂಟನ್ನು ಕೆಳಗಿಟ್ಟು ಅದೇ ಅಡವನ್ನು ಮತ್ತೆ ಎರಡು ಆವರ್ತ ಹಾಕಬೇಕು. ಭಾರವಿಲ್ಲದಾಗಲೂ ತಲೆ ಹಾಗೇ ನಿಲ್ಲುತ್ತದೆಯೇ ಎಂಬುದು ಆಗಲೇ ತಿಳಿಯುವುದು.

ಕೆಲವು ತಿಂಗಳ ಬಳಿಕ ದೊಡ್ಡವರು ಅರ್ಧ ಲೀಟರಿನ ಸ್ಟೀಲ್ ಚೊಂಬನ್ನು ಬಟ್ಟೆಯ ಸಿಂಬಿಯ ಮೇಲಿಟ್ಟು ಅಂಗಳದಲ್ಲಿ ಪ್ರಯತ್ನಿಸಬಹುದು. ತುಂಬಿದ ಕೊಡ ತುಳುಕುವುದಿಲ್ಲವೆಂಬ ಗಾದೆ ಇಲ್ಲಿ ಅಕ್ಷರಶಃ ನಿಜ: ಕತ್ತಿನವರೆಗೆ ತುಂಬಿದ ನೀರಿಗೆ ಓಲಾಡಲು ಜಾಗವಿರದು, ಅರ್ಧ ತುಂಬಿದ ನೀರು ಸಣ್ಣ ಅಲುಗಾಟವನ್ನೂ ದೊಡ್ಡದು ಮಾಡುತ್ತದೆ. ಆದ್ದರಿಂದ ಮೊದಲ ವಾರ ತುಂಬಿದ ಚೊಂಬು, ಆಮೇಲೆ ಅರ್ಧದ್ದು. ನೀರು ಚೆಲ್ಲಿದ ಕೂಡಲೇ ನಿಲ್ಲಿಸಿ ನೆಲ ಒರೆಸಿ. ತಟ್ಟೆಯ ಅಂಚಿನ ಮೇಲೆ ನಿಲ್ಲುವ ಸಾಹಸವನ್ನು ಮಾತ್ರ ವೀಡಿಯೊ ನೋಡಿ ಮನೆಯಲ್ಲಿ ಮಾಡಬೇಡಿ, ಅದಕ್ಕೆ ಕೂಚಿಪೂಡಿಯ ಗುರುಗಳೇ ಎದುರಿಗಿರಬೇಕು.